ಎಪ್ಪತ್ತೈದನೇ ವರ್ಷದ ಎಂಟನೇ ವರ್ಷ

ಪುಣೆಯ ಕನ್ನಡ ದಿನಪತ್ರಿಕೆ ‘ಮುಠಾತೀರ’ ತನ್ನ ಎಪ್ಪತ್ತೈದನೇ ವರ್ಷದಲ್ಲಿ ಯಶಸ್ವಿಯಾಗಿ ಎಂಟು ವರ್ಷ ಪೂರೈಸಿದೆ.

ಮೊದಲ ಸಲ ಅಮೃತ ಮಹೋತ್ಸವ ಬಂದಾಗ ಹೋಟೆಲಿನವರು, ಬಟ್ಟೆ ಅಂಗಡಿಯವರು ಪುಟಗಟ್ಟಲೆ ಶುಭಾಶಯದ ಜಾಹೀರಾತು ಕೊಟ್ಟಿದ್ದರು. ಎಪ್ಪತ್ತಾರಕ್ಕೆ ಯಾರು ಕೊಡುತ್ತಾರೆ? ಮಾಲೀಕರಾದ ಹರಿಶ್ಚಂದ್ರ ಶೆಟ್ಟರು ಸುತ್ತೋಲೆ ಹೊರಡಿಸಿದರು: “ಮುಂದಿನ ಆದೇಶದವರೆಗೆ ಮುಖಪುಟದಲ್ಲಿ ಸಂಪುಟ ೭೫ ಎಂದೇ ಇರತಕ್ಕದ್ದು. ವರ್ಷವು ತನ್ನಷ್ಟಕ್ಕೆ ತಾನೇ ಬದಲಾಗತಕ್ಕದ್ದಲ್ಲ.”

ಇದರಿಂದ ಯಾರಿಗೂ ತೊಂದರೆ ಆಗಲಿಲ್ಲ, ಪ್ರೂಫ್ ನೋಡುವ ಸಿದ್ರಾಮಪ್ಪನವರೊಬ್ಬರ ಹೊರತು. ಅವರ ನೇಮಕದ ಪತ್ರದಲ್ಲಿ ‘ಸಂಪುಟ ೭೬ರ ಮೊದಲ ದಿನ ನಿವೃತ್ತಿ’ ಅಂತ ಬರೆದಿತ್ತು. ಹೊರಗೆ ಅವರಿಗೆ ಅರವತ್ತೇಳು. ಆಫೀಸಿನ ಮೆಟ್ಟಿಲು ಹತ್ತಿದರೆ ಐವತ್ತೊಂಬತ್ತು. ‘ಥ’ಕ್ಕೂ ‘ಧ’ಕ್ಕೂ ವ್ಯತ್ಯಾಸ ಕಾಣದಷ್ಟು ಕಣ್ಣು ಮಂಜಾಗಿತ್ತು. ಇಂದಾಪುರಕ್ಕೆ ಬಂದು ಇದ್ದುಬಿಡು ಅಂತ ಮಗಳು ಮಾಧುರಿ ಕರೆದು ಕರೆದು ಸೋತಿದ್ದಳು.

ಒಂದು ಸೋಮವಾರ ಸಿದ್ರಾಮಪ್ಪನವರು ಮುಖಪುಟದ ಪ್ರೂಫಿನಲ್ಲಿ ೭೫ ಹೊಡೆದುಹಾಕಿ ೭೬ ಮಾಡಿದರು. ಮಂಗಳವಾರ ಪತ್ರಿಕೆ ಹಾಗೇ ಹೊರಬಿತ್ತು. ಹಡಪಸರದ ಓದುಗರೊಬ್ಬರು ಫೋನು ಮಾಡಿ, ಇಷ್ಟು ವರ್ಷದ ಹಬ್ಬವನ್ನು ಹೇಳದೆ ಕೇಳದೆ ಮುಗಿಸಿದ್ದು ಯಾಕೆಂದು ತರಾಟೆಗೆ ತೆಗೆದುಕೊಂಡರು. ಬುಧವಾರ ತಿದ್ದುಪಡಿ ಬಂತು: “ನಿನ್ನೆ ಕಣ್ತಪ್ಪಿನಿಂದ ಒಂದು ವರ್ಷ ಮುಂದೆ ಹೋಗಿತ್ತು. ವಿಷಾದಿಸುತ್ತೇವೆ.” ಅದರ ಪ್ರೂಫನ್ನೂ ಸಿದ್ರಾಮಪ್ಪನವರೇ ನೋಡಿದರು. ತಪ್ಪು ಒಂದೂ ಸಿಗಲಿಲ್ಲ.

ಆಮೇಲೆ ಶೆಟ್ಟರ ಮುಂದೆ ಹೋಗಿ ನಿಂತರು.

“ಸಾಹೇಬ್ರ, ಮಂಗಳವಾರ ನಾ ರಿಟೈರ್ ಆದಂಗ ಆತಲ್ರಿ?”

“ಆದಿರಿ ಮಾರಾಯ್ರೆ, ಇಲ್ಲ ಅನ್ಲಿಕ್ಕೆ ಆಗ್ತದಾ? ಆದ್ರೆ ಬುಧವಾರ ಪುನಃ ಎಪ್ಪತ್ತೈದು ಅಲ್ವಾ?”

“ಹಂಗಾರ ಬೀಳ್ಕೊಡುಗೆನಾರ ಮಾಡ್ತೀರೇನ್ರಿ?”

“ಅದು ನಿಮ್ಮ ಹಕ್ಕು. ಮಾಡುವ.”

ಮಾಡಿದರು. ಶಾಲು, ಹಾರ, ತೆಂಗಿನಕಾಯಿ, ಎಲ್ಲಾ ಇತ್ತು. ವರದಿಗಾರ್ತಿ ಪೂರ್ವಾ ಅವರ ಸೇವೆಯನ್ನು ನೆನೆದು ಕಣ್ಣೊರೆಸಿಕೊಂಡಳು, ನಾಳೆ ಬರುವಾಗ ಮನೆಯ ಚಕ್ಕುಲಿ ತರಲೂ ಹೇಳಿದಳು. ಸಿದ್ರಾಮಪ್ಪನವರ ಸ್ಥಾನ ತುಂಬುವುದು ಯಾರಿಂದಲೂ ಸಾಧ್ಯವಿಲ್ಲ ಎಂದು ಶೆಟ್ಟರು ಭಾಷಣ ಮಾಡಿದರು. ಆ ಕಾರಣ ಆ ಸ್ಥಾನಕ್ಕೆ ಅವರನ್ನೇ ನೇಮಿಸಲಾಗಿದೆ ಎಂದು ಪ್ರಕಟಿಸಿದರು. ಚಪ್ಪಾಳೆ ಜೋರಾಗಿ ಬಿತ್ತು. ಸಿದ್ರಾಮಪ್ಪನವರೂ ತಟ್ಟಿದರು.

ಮರುದಿನ ಮಗಳ ಫೋನು ಬಂದಾಗ ಅವರು ಮೇಜಿನ ಮುಂದೆ ಕೂತಿದ್ದರು.

“ಹೌದವಾ, ರಿಟೈರ್ ಆಗೇನಿ,” ಅಂದರು. “ಡ್ಯೂಟಿ ಮುಗಿಸಿ ಸಂಜಿಕ ಮಾತಾಡ್ತೀನಿ.”

ಎ.ಸಿ. ಗಾಳಿಗೆ ಶಾಲು ಭಾಳ ಚಲೋ ಆಗಿತ್ತು.