ಅಕ್ಕಿ ಮೂಟೆಗೆ ಸೀಟ್ ಬೆಲ್ಟ್

ನಮ್ಮ ಚಿಕ್ಕಪ್ಪನಿಗೆ ತಲೆ ಕೆಟ್ಟಿದೆ ಎಂದು ಹೂಡಿಯ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತಲೆ ಸರಿಯಾಗಿಯೇ ಇದೆ, ಕೆಟ್ಟಿದ್ದು ಕಾರಿನ ಸಸ್ಪೆನ್ಷನ್!

ಕಾರ್ಖಾನೆಯಿಂದ ನಿವೃತ್ತರಾದ ಈ ಮಹಾನುಭಾವರ ಬಳಿ ಹಳೆಯ ಕೆಂಪು ಸ್ಪೋರ್ಟ್ಸ್ ಕಾರೊಂದಿದೆ. ಒಂದು ಕಾಲಕ್ಕೆ ಊರೆಲ್ಲ ಬಾಯಿಬಿಟ್ಟು ನೋಡುತ್ತಿತ್ತಂತೆ. ಈಗ ಹಂಪ್ ದಾಟಿದರೆ ಒಳಗಿದ್ದವರು ಹಲ್ಲು ಎಣಿಸಿಕೊಳ್ಳಬೇಕು. ಬೆನ್ನಿನ ಆಪರೇಷನ್ ಆದ ಮೇಲೆ ಚಿಕ್ಕಮ್ಮ ತೀರ್ಪು ಕೊಟ್ಟೇಬಿಟ್ಟರು: "ಈ ಡಬ್ಬಾಗೆ ನಾನಿನ್ನು ಕಾಲಿಡಲ್ಲ ಕಣ್ರೀ!" ಅಂದಿನಿಂದ ಅವರಿಗೆ ಮೆಟ್ರೋ. ಅವರು ಸ್ಟೇಷನ್ನಿಗೆ ನಡೆದು ಹೋಗುವುದು, ಚಿಕ್ಕಪ್ಪ ಕಾರಿನಲ್ಲಿ ಹಿಂದೆ ಹಿಂದೆ ಹೋಗಿ "ಬಾರೇ" ಎಂದು ಕರೆಯುವುದು, ಅವರು ತಿರುಗಿಯೂ ನೋಡದಿರುವುದು!

ಸರಿ, ಚಿಕ್ಕಮ್ಮನ ಬೆನ್ನಿಗೆ ಒಗ್ಗುವ ಸಸ್ಪೆನ್ಷನ್ನಿಗಾಗಿ ಹುಡುಕಾಟ ಶುರುವಾಯಿತು. ಬೊಮ್ಮನಹಳ್ಳಿಯ ಮೆಕ್ಯಾನಿಕ್, "ಗಟ್ಟಿ ಸ್ಪ್ರಿಂಗ್ ಹಾಕ್ಸಿ ಸಾರ್, ಕಾರು ಕೆಳಗಿಳಿಯುತ್ತೆ, ಸಕ್ಕತ್ತಾಗಿ ರೋಡ್ ಹಿಡಿಯುತ್ತೆ" ಎಂದ. ಹಿಡಿಯಿತು, ಬಿಡಲೇ ಇಲ್ಲ! ಮೊದಲ ಹಂಪಿನ ಮೇಲೆಯೇ ಹೊಟ್ಟೆಯೂರಿ ಕುಳಿತ ಕಾರನ್ನು ಹಿಂದಿದ್ದ ಆಟೋದವರು ಎತ್ತಿ ಇಳಿಸಿದರು. ಮೆತ್ತನೆಯದು ಹಾಕಿಸಿದರೆ ತಿರುವಿನಲ್ಲಿ ತೊಟ್ಟಿಲಂತೆ ತೂಗಿ, ನನಗೆ ಬೆಳಗ್ಗೆ ತಿಂದ ಇಡ್ಲಿ ಬಾಯಿಗೆ ಬಂತು.

ಕೊನೆಗೆ ಬಂದದ್ದು, ತಿರುಪು ತಿರುಗಿಸಿ ಗಡಸೋ ಮೆದುವೋ ಮಾಡಿಕೊಳ್ಳಬಹುದಾದ ಶಾಕ್ ಅಬ್ಸಾರ್ಬರ್. ಪರೀಕ್ಷೆ ಬೇಡವೇ? ಪಕ್ಕದ ಸೀಟಿನಲ್ಲಿ ಅಕ್ಕಿ ಮೂಟೆ ಕೂರಿಸಿ, ಬೆಲ್ಟ್ ಬಿಗಿದು, ಮೇಲೊಂದು ಮೊಸರಿನ ಬಟ್ಟಲಿಟ್ಟು ಹೊರಟರು. ಸಿಗ್ನಲ್ಲಿನಲ್ಲಿ ಪೊಲೀಸಪ್ಪ ಬಗ್ಗಿ ನೋಡಿದ.

"ಏನ್ ಸಾರ್ ಇದು?"

"ನಮ್ಮನೆಯವರಷ್ಟೇ ತೂಕ ಸಾರ್. ಇದು ಮಾತಾಡಲ್ಲ, ಅಷ್ಟೇ ವ್ಯತ್ಯಾಸ."

ಆತ ಕೈಮುಗಿದು ಕಳಿಸಿಕೊಟ್ಟ.

ಮೊಸರು ಚೆಲ್ಲಿದಾಗಲೆಲ್ಲ ಇಳಿದು ತಿರುಪು ತಿರುಗಿಸುವುದು, ಮತ್ತೆ ಅದೇ ಹಂಪ್. ಒಂದು ಬೆಳಗ್ಗೆ ಮೊಸರು ಅಲುಗಲಿಲ್ಲ. ಚಿಕ್ಕಪ್ಪ ಬಟ್ಟಲನ್ನು ಹಾಗೇ ಒಯ್ದು ಚಿಕ್ಕಮ್ಮನ ಮುಂದೆ ಹಿಡಿದರು. "ನೋಡೇ, ಒಂದ್ ತೊಟ್ಟೂ ಚೆಲ್ಲಿಲ್ಲ. ಒಂದೇ ಒಂದ್ ರೌಂಡ್ ಬಾರೇ."

"ಮೊಸರಿಗೆ ಬೆನ್ನು ಇರುತ್ತೇನ್ರೀ?" ಎಂದು ಗೊಣಗಿದರೂ ಚಿಕ್ಕಮ್ಮ ಒಳಗೆ ಹೋಗಿ ಒಳ್ಳೆಯ ಸೀರೆಯನ್ನೇ ಉಟ್ಟು ಬಂದರು.

ಮೂಟೆಯೂ ನಾನೂ ಹಿಂದಿನ ಸೀಟಿಗೆ ಹೋದೆವು. ಹಂಪ್ ಬಂತು. ಚಿಕ್ಕಮ್ಮನ ಕೈ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದದ್ದು ನನಗೆ ಕಂಡಿತು. ಪಾಪ, ನೋವಾಗಿತ್ತು.

"ಹಂಪ್ ಬಂದಿದ್ದೇ ಗೊತ್ತಾಗ್ಲಿಲ್ಲ ರೀ! ಚೆನ್ನಾಗ್ ಮಾಡ್ಸಿದೀರ," ಎಂದು ನಕ್ಕರು.

ಚಿಕ್ಕಪ್ಪನೂ ಆ ಕೈ ನೋಡಿದ್ದರು. ಜೀವಮಾನದಲ್ಲಿ ಯಾರಿಗೂ ದಾರಿ ಬಿಡದ ಮನುಷ್ಯ ಎಡಕ್ಕೆ ಸರಿದು, ನಡೆದು ಹೋಗುವವರ ವೇಗಕ್ಕೆ ಕಾರನ್ನು ಇಳಿಸಿದರು. ನೀರಿನ ಟ್ಯಾಂಕರೊಂದು ಹಾರ್ನ್ ಬಾರಿಸುತ್ತ ಮುಂದೆ ಹೋಯಿತು.

"ಯಾಕ್ರೀ ಇಷ್ಟು ನಿಧಾನ?"

"ಏನಿಲ್ಲ ಕಣೇ. ನೀನು ಪಕ್ಕದಲ್ಲಿ ಕೂತು ಎಷ್ಟ್ ದಿನ ಆಯ್ತು! ಬೇಗ ಮನೆ ಬಂದ್ಬಿಟ್ರೆ?"