ನಮ್ಮ ಹಿತ್ತಲು ನಮ್ಮದಲ್ಲ ಅಂದದ್ದು

ನಾನು ಕಲಿತದ್ದು ಮೂರನೆಯ ಇಯತ್ತೆ. ಆದರೂ ಸರಕಾರದವರ ಜೊತೆ ಹೇಗೆ ಮಾತಾಡಬೇಕೆಂಬುದನ್ನು ಸವಣೂರಿನ ನಮ್ಮ ಓಣಿಯವರು ನನ್ನಿಂದ ಕಲಿಯಬೇಕು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ನನ್ನ ಹೊರತು ಬೇರೆ ಯಾರೂ ಹೇಳುತ್ತಿರಲಿಲ್ಲ, ಅದು ಬೇರೆ ಮಾತು.

ಹೋದ ವರ್ಷ ನಮ್ಮ ಯಜಮಾನರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಆಯಿತು. ಇನ್ನು ಕುಕ್ಕರಗಾಲಲ್ಲಿ ಕೂಡುವಂತಿಲ್ಲ, ಕುರ್ಚಿಯಂಥ ಸಂಡಾಸ ಬೇಕು ಎಂದರು ಡಾಕ್ಟರು. ಅಂಥದ್ದು ಇದ್ದದ್ದು ತಿಳವಳ್ಳಿಯ ಮಗಳ ಮನೆಯಲ್ಲಿ. ಅವರನ್ನು ಅಲ್ಲಿ ಬಿಟ್ಟು, ನಮ್ಮ ಹಿತ್ತಲಲ್ಲಿ ಒಂದು ಖೋಲಿ, ಅದಕ್ಕೆ ಹೊಂದಿ ಸಂಡಾಸ ಕಟ್ಟಲು ಮಗ ಪುರಸಭೆಗೆ ಅರ್ಜಿ ಕೊಟ್ಟ. ಪರವಾನಗಿ ಬರದೆ ಬುನಾದಿ ತೋಡುವುದಿಲ್ಲ ಎಂದ ಗೌಂಡಿ.

ಯಜಮಾನರ ಫೋನು ದಿನಾ ಬರುತ್ತಿತ್ತು.

"ಅಳಿಯಾನ ಮನ್ಯಾಗ ಇನ್ನ ಎಷ್ಟ ದಿನ ಬಿದ್ದಿರ್ಲಿ? ಬೀಗತಿ ಊಟಕ್ಕ ನೀಡೂಮುಂದ, ಸಂಡಾಸದ ಪರವಾನಗಿ ಬಂತೇನ್ರಿ ಅಂತ ಕೇಳ್ತಾಳ."

"ಚಿಂತಿ ಬ್ಯಾಡ್ರಿ, ನಾ ಅದೇನಿ," ಎಂದೆ. ಇಲ್ಲೇ ಕೆಟ್ಟಿತು.

ಮಗ ಅಂಗಡಿಗೆ ಹೋದ ಮೇಲೆ ಒಂದು ದಿನ ಸಾಹೇಬರೊಬ್ಬರು ಟೇಪು ಹಿಡಿದು ಬಂದರು. ಟೇಪು ಕಂಡರೆ ನನ್ನ ಬಾಯಿ ತಾನೇ ಮಾತಾಡುತ್ತದೆ. ಜಾಗ ಹೆಚ್ಚಾದಷ್ಟೂ ತೆರಿಗೆ ಹೆಚ್ಚು; ಮನೆಪಟ್ಟಿಗೆ ಅಳೆಯಲು ಬಂದವರಿಗೆ ಇದ್ದ ಜಾಗವನ್ನೆಲ್ಲ ಇದ್ದಷ್ಟೇ ತೋರಿಸುವವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ.

"ಈ ಹಿತ್ತಲಾ ನಿಮ್ದ ಏನ್ರಿ, ಅಮ್ಮಾ?"

"ಅಯ್ಯ, ನಮಗೆಲ್ಲಿಂದ ಬರಬೇಕ್ರಿ? ಅದು ಬಾಜೂ ಮನಿ ಖೈರೂನಬೀದು. ನಮ್ದು ಈ ಗ್ವಾಡಿಗೆ ಮುಗೀತು."

"ಖರೇನ?"

"ದೇವರಾಣಿರಿ."

ಬರೆದುಕೊಂಡರು. ಚಹಾ ಕುಡಿದು ಹೋದರು. ಖುಷಿಗೆ ನಾನು ಸಕ್ಕರೆ ಎರಡು ಸಲ ಹಾಕಿದ್ದೆ.

ಸಂಜೆ ಮಗ ಬಂದ ಕೂಡಲೇ ಹೆಮ್ಮೆಯಿಂದ ಹೇಳಿದೆ.

"ಯವ್ವಾ, ಅವರು ಪಟ್ಟಿಯವರಲ್ಲ. ಪರವಾನಗಿಗೆ ಜಾಗಾ ನೋಡಾಕ ಬಂದ ಇಂಜಿನಿಯರ್ರು."

ಮರುದಿನ ಪುರಸಭೆಗೆ ಓಡಿದೆವು. ನಾನು ಹೇಳಿದ್ದು ಸುಳ್ಳು, ಹಿತ್ತಲು ನಮ್ಮದೇ ಎಂದೆ. ಸಾಹೇಬರು ಮನೆಪಟ್ಟಿಯ ಹಳೆಯ ರಿಜಿಸ್ಟರು ತರಿಸಿದರು. ಅದರಲ್ಲೂ ಹಿತ್ತಲು ಖೈರೂನಬಿಯದೇ. ಕೆಳಗೆ ನನ್ನ ಸೊಟ್ಟ ಸಹಿ.

"ಅಮ್ಮಾ, ಆಗ ಸಹಿ ಮಾಡಿ ಹೇಳೀರಿ, ನಿನ್ನೆ ಆಣಿ ಮಾಡಿ ಹೇಳೀರಿ. ಈಗಿಂದು ಹೆಂಗ ನಂಬ್ಲಿ? ಆಕಿ ತನ್ನದಲ್ಲಂತ ಬರದು ಕೊಡ್ಲಿ. ಸೋಮವಾರದೊಳಗ ತರ್ರಿ. ಇಲ್ಲಂದ್ರ ಅರ್ಜಿ ವಜಾ."

ಖೈರೂನಬಿಯೇ ಬರೆದುಕೊಡಬೇಕು. ಹಿಂದಿನ ವಾರವಷ್ಟೇ ಆಕೆಯ ಕೋಳಿಗಳು ನಮ್ಮ ಹಿತ್ತಲಿಗೆ ಬಂದವೆಂದು ಓಣಿಗೆಲ್ಲ ಕೇಳುವಂತೆ ಬೈದಿದ್ದೆ. ಒಂದಕ್ಕೆ ಕಟ್ಟಿಗೆಯನ್ನೂ ಬೀಸಿದ್ದೆ.

ಆಕೆ ಬಾಗಿಲಲ್ಲಿ ಕುಳಿತು ವೀಳ್ಯದೆಲೆ ಆರಿಸುತ್ತಿದ್ದಳು. ಎಲ್ಲ ಹೇಳಿದೆ. ತಲೆ ಎತ್ತಲಿಲ್ಲ. ಕೊಳೆತ ಎಲೆ ಈಚೆಗೆ, ಒಳ್ಳೆಯದು ಆಚೆಗೆ. ಇಡೀ ಬುಟ್ಟಿ ಮುಗಿಯುವವರೆಗೆ ನಾನು ಬಿಸಿಲಲ್ಲೇ ನಿಂತಿದ್ದೆ.

"ಅಂದ್ರ ಗೌರಕ್ಕ, ಇಷ್ಟ ವರ್ಷ ನನ್ನ ಹಿತ್ತಲದಾಗಿಂದ ನನ್ನ ಕೋಳೀನ ಹೊಡ್ಯಾಕತ್ತಿದ್ದಿ?"

"ತಪ್ಪಾತ ಬೇ."

"ಸರಕಾರಿ ಕಾಗದದಾಗ ಬರದೈತಿ, ತಪ್ಪು ಹೆಂಗಾಕ್ಕತಿ? ನಾ ಅಲ್ಲಿ ಎರಡು ಆಡು ಕಟ್ಟಬೇಕಂತೇನಿ."

ನನ್ನ ಜಾಣತನವೆಲ್ಲ ಬತ್ತಿಹೋಯಿತು. "ಅವರು ಅಳಿಯಾನ ಮನ್ಯಾಗ ಕುಂತಾರ, ಖೈರೂನ," ಎಂದೆ.

ಆಗ ತಲೆ ಎತ್ತಿದಳು. "ತಾ ಕಾಗದಾ. ಅಣ್ಣನ ಮಾರಿ ನೋಡಿ ಸಹಿ ಮಾಡ್ತೇನಿ, ನಿನ್ನ ಮಾರಿ ನೋಡಿ ಅಲ್ಲ. ಇನ್ನ ಮ್ಯಾಲೆ ನನ್ನ ಕೋಳಿಗೆ ಹುಶ್ ಅಂದಿ ಅಂದ್ರ ನೋಡು."

ಪರವಾನಗಿ ಬಂತು. ಖೋಲಿ ಎದ್ದಿತು, ಯಜಮಾನರೂ ಬಂದರು. ಕೋಳಿ ಅವರಿಗಿಂತ ಮೊದಲೇ ಬಂದು ಮಂಚದ ಕೆಳಗೆ ಮೊಟ್ಟೆ ಇಟ್ಟಿತ್ತು. ನಾನು ಹುಶ್ ಅನ್ನುವಂತಿಲ್ಲ.

ಮೊನ್ನೆ ಮತ್ತೆ ಟೇಪು ಹಿಡಿದವರು ಬಂದರು. ಈ ಸಲ ಮನೆಪಟ್ಟಿಯವರೇ. ನಾನು ಬಾಯಿ ತೆರೆಯುವಷ್ಟರಲ್ಲಿ ಮಗ ನನ್ನನ್ನು ಹೊಸ ಖೋಲಿಗೆ ನೂಕಿ ಹೊರಗಿನಿಂದ ಚಿಲಕ ಹಾಕಿದ. ಒಳಗೆ ನಾನು, ಯಜಮಾನರು, ಕೋಳಿ. ಬಾಯಿ ಬಿಡಲು ಪರವಾನಗಿ ಇದ್ದದ್ದು ಕೋಳಿಗೆ ಮಾತ್ರ.