ಬೀಗರನ್ನು ಕೊಂದ ಪ್ರಸಂಗ

ಕೊಲೆ ಮಾಡುವುದು ನನಗೆ ಕಷ್ಟವಾಗಬಹುದು ಎಂಬ ಅನುಮಾನ ಒಂದು ಕ್ಷಣವೂ ಬಂದಿರಲಿಲ್ಲ. ಇಪ್ಪತ್ತೆಂಟು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತಗಳನ್ನು ನೋಡಿದವನು ನಾನು. ಒಬ್ಬ ಮುದಿ ರಾಜನನ್ನು ಮಲಗಿದಲ್ಲೇ ಮುಗಿಸುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ.

ಶಿವಮೊಗ್ಗದ ನಮ್ಮ ಕಚೇರಿಯ ಹವ್ಯಾಸಿ ತಂಡ ಹಳೆಯ ದುರಂತ ನಾಟಕವೊಂದನ್ನು ಕೈಗೆತ್ತಿಕೊಂಡಿತ್ತು. ಕಥೆ ಸರಳ. ಪಟ್ಟದ ಆಸೆ ಹತ್ತಿದ ಸೇನಾಪತಿ, ತನ್ನ ಮನೆಗೆ ಅತಿಥಿಯಾಗಿ ಬಂದ ರಾಜನನ್ನು ಇರಿದು ಕೊಲ್ಲುತ್ತಾನೆ. ಆಮೇಲೆ ಮಾಡಿದ ಪಾಪ ಕಾಡಿ ಕಾಡಿ ತಾನೂ ಹಾಳಾಗುತ್ತಾನೆ. ನಾಟಕ ಆಡಿಸುವವರು ಕೋಟೆ ರಸ್ತೆಯ ನಾಗಭೂಷಣ ಮೇಷ್ಟ್ರು, ನಿವೃತ್ತ ಶಿಕ್ಷಕರು. ಅವರು ನನ್ನನ್ನು ಕರೆದು, "ಉಳಿದೋರು ಯಾರೂ ಇಷ್ಟುದ್ದ ಮಾತು ಬಾಯಿಪಾಠ ಮಾಡಲ್ಲ ಅಂತಾರೆ. ಹಾಗಾಗಿ ನೀವೇ ಸೇನಾಪತಿ" ಅಂದರು. ನನ್ನ ಪ್ರತಿಭೆಗೆ ಸಂದ ಮನ್ನಣೆ ಎಂದೇ ನಾನು ಇದನ್ನು ಸ್ವೀಕರಿಸಿದೆ.

ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಕೊಲೆಯಲ್ಲ, ಕೊಲೆಯಾದ ಮೇಲಿನ ಮಾತು. ಹೆಣದ ಪಕ್ಕದಲ್ಲಿ ನಿಂತು ಸೇನಾಪತಿ ತನ್ನನ್ನು ತಾನೇ ಶಪಿಸಿಕೊಳ್ಳುವ ಎರಡು ಪುಟದ ಮಾತು. ಅದನ್ನು ನಮ್ಮ ನವುಲೆಯ ಮನೆಯ ಬಚ್ಚಲಿನಲ್ಲಿ ಎರಡು ತಿಂಗಳು ಗರ್ಜಿಸಿ ಹದ ಮಾಡಿಕೊಂಡೆ. ಪಕ್ಕದ ಮನೆಯವರು ನನ್ನ ಹೆಂಡತಿ ವಸಂತಳನ್ನು ಕರೆದು, "ಯಜಮಾನ್ರಿಗೆ ಹೊಟ್ಟೆನೋವಾ?" ಎಂದು ವಿಚಾರಿಸಿದರು.

ವಸಂತಳ ಸಂಕಟ ಬೇರೆಯೇ ಇತ್ತು. ನಾಟಕವಾದ ಹದಿನೈದನೇ ದಿನಕ್ಕೆ ಮಗಳು ಅಶ್ವಿನಿಯ ಮದುವೆ ನಿಶ್ಚಯವಾಗಿತ್ತು. "ರೀ, ಕಾರ್ಡ್ ಹಂಚೋಕೆ ಹೋಗೋಣ" ಎಂದು ಅವಳು ಅಂದಾಗೆಲ್ಲ ನಾನು ಅಂಗೈ ತೋರಿಸಿ, "ಈ ಕೈಗಳು ಮಾಡಿದ್ದೇನು" ಎಂದು ನಡುಗುವ ದನಿಯಲ್ಲಿ ಕೇಳುತ್ತಿದ್ದೆ. "ಏನೂ ಮಾಡಿಲ್ಲ. ಅದೇ ಕಷ್ಟ" ಎಂದು ಅವಳು ಒಬ್ಬಳೇ ಕಾರ್ಡಿನ ಚೀಲ ಹಿಡಿದು ಹೊರಡುತ್ತಿದ್ದಳು.

ಪ್ರದರ್ಶನಕ್ಕೆ ಎರಡು ವಾರವಿರುವಾಗ ರಾಜನಿಗೆ ವರ್ಗವಾಯಿತು. ಅಂದರೆ, ರಾಜನ ಪಾತ್ರ ಮಾಡುತ್ತಿದ್ದ ನಮ್ಮ ಸಹೋದ್ಯೋಗಿಗೆ. ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತರು. ಸುಮ್ಮನಿರಬಹುದಿತ್ತು. ಆದರೆ ನಾನು, "ನಮ್ಮ ಬೀಗರು ಭದ್ರಾವತಿಯವರು. ಕಾರ್ಖಾನೆಯಲ್ಲಿದ್ದಾಗ ಕಾಲೊನಿ ನಾಟಕಗಳಲ್ಲಿ ಅವರೇ ರಾಜ" ಎಂದು ಜಂಬ ಕೊಚ್ಚಿದೆ. ಮರುದಿನವೇ ಬೀಗರು ತಿಮ್ಮಪ್ಪನವರು ಬಸ್ಸು ಹತ್ತಿ ಬಂದುಬಿಟ್ಟರು.

ಸುದ್ದಿ ಕೇಳಿ ವಸಂತ ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟಳು.

"ನೀವು ಬೀಗರನ್ನ ಕೊಲ್ತೀರಾ?"

"ನಾಟಕದಲ್ಲಿ ಕಣೇ."

"ಹುಡುಗನ ಅಪ್ಪನ್ನ? ಹುಡುಗನ ಅಮ್ಮ ಮುಂದಿನ ಸಾಲಲ್ಲಿ ಕೂತು ನೋಡ್ತಿರುವಾಗ?"

"ಮರದ ಚೂರಿ ಮಾರಾಯ್ತಿ. ಬೆಳ್ಳಿ ಕಾಗದ ಸುತ್ತಿದ್ದು."

"ಅವರ ಮೈಗೆ ಒಂದು ಗೀರು ಬಿದ್ರೂ ನಾನು ಸುಮ್ನಿರಲ್ಲ" ಎಂದಳು ವಸಂತ. ಈ ಮಾತು ನನ್ನ ಕೈಯ ಕಸುವನ್ನೆಲ್ಲ ತೆಗೆದುಬಿಟ್ಟಿತು ಎಂದು ಆಗ ನನಗೆ ಗೊತ್ತಾಗಲಿಲ್ಲ.

ತಾಲೀಮಿನಲ್ಲಿ ಬೀಗರು ಸಾಯುವುದನ್ನು ನೋಡಲು ಬೇರೆ ವಿಭಾಗದವರೂ ಬರತೊಡಗಿದರು. ಕಣ್ಣು ತೆರೆದು, ಕೊಂದವನನ್ನು ಗುರುತಿಸಿ, ಒಂದು ಕೈ ಎತ್ತಿ, ಆ ಕೈ ಮೆಲ್ಲಗೆ ಕೆಳಗೆ ಬೀಳುವ ಹೊತ್ತಿಗೆ ಟೀ ಕುಡಿಯುತ್ತಿದ್ದವರು ಲೋಟ ಕೆಳಗಿಡುತ್ತಿದ್ದರು. "ಸಾವು ಅಂದ್ರೆ ಇದು" ಎನ್ನುತ್ತಿದ್ದರು ಮೇಷ್ಟ್ರು. ಆಮೇಲೆ ನನ್ನ ಎರಡು ಪುಟ ಶುರುವಾಗುತ್ತಿತ್ತು. ಜನ ಮತ್ತೆ ಲೋಟ ಎತ್ತಿಕೊಳ್ಳುತ್ತಿದ್ದರು.

ನನಗೆ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಆಗಲೇ ನನಗೆ ರಕ್ತದ ಯೋಚನೆ ಬಂದದ್ದು.

ಮೇಷ್ಟ್ರು ಕುಂಕುಮದ ನೀರು ಸಾಕು ಎಂದಿದ್ದರು. ನಾನು ಒಪ್ಪಲಿಲ್ಲ. ನನ್ನ ಕೈ ನೋಡಿದರೆ ಕೊನೆಯ ಸಾಲಿನವನಿಗೂ ಎದೆ ಝಲ್ಲೆನ್ನಬೇಕು. ನಮ್ಮ ಕಚೇರಿಯ ಹಾಲೇಶಪ್ಪ ಹೊಳಲೂರಿನವನು, ಅಡಿಕೆ ಬೆಳೆಗಾರರ ಮನೆಯವನು. ಅವನಿಂದ ಒಂದು ಬಾಟಲಿ ಅಡಿಕೆ ಚೊಗರು ತರಿಸಿದೆ. ಅಡಿಕೆ ಬೇಯಿಸಿ ಉಳಿದ ಕೆಂಪು ರಸ, ಸಾಕ್ಷಾತ್ ರಕ್ತ.

"ಸಾರ್, ಇದು ಮೈಗೆ ಹತ್ತಿದ್ರೆ ಹೋಗಲ್ಲ" ಎಂದ ಹಾಲೇಶಪ್ಪ.

"ರಕ್ತದ ಕಲೆ ಅಷ್ಟು ಸುಲಭಕ್ಕೆ ಹೋಗಬಾರದು ಹಾಲೇಶಪ್ಪ" ಎಂದೆ, ಸೇನಾಪತಿಯ ದನಿಯಲ್ಲಿ. ಅವನು ನಿಟ್ಟುಸಿರುಬಿಟ್ಟು ಹೋದ.

ಚೊಗರನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ರಾಜನ ಅಂಗಿಯೊಳಗೆ, ಕೊರಳಿನ ಸ್ವಲ್ಪ ಕೆಳಗೆ ಕಟ್ಟುವುದು. ನಾನು ಇರಿದ ಕೂಡಲೇ ಅದು ಒಡೆಯುವುದು. ಬೀಗರೂ ತಲೆಯಾಡಿಸಿದರು. "ರಕ್ತ ಬಂತೋ, ನಾನು ಹೊರಟೆ" ಎಂದರು. ದುಬಾರಿ ವಸ್ತುವಾದ್ದರಿಂದ ತಾಲೀಮಿನಲ್ಲಿ ಅದನ್ನು ಒಮ್ಮೆಯೂ ಒಡೆದು ನೋಡಲಿಲ್ಲ.

ಪ್ರದರ್ಶನದ ಸಂಜೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ವಸಂತ, ಅವಳ ಪಕ್ಕದಲ್ಲಿ ಬೀಗಿತ್ತಿ ಸರೋಜಮ್ಮ, ಅಶ್ವಿನಿ, ಭಾವಿ ಅಳಿಯ. ರಾಜ ಮಂಚದ ಮೇಲೆ ಮಲಗಿದ. ನಾನು ಕಳ್ಳಹೆಜ್ಜೆ ಹಾಕಿ ಬಂದೆ, ಚೂರಿ ಎತ್ತಿದೆ. ಎತ್ತಿದಾಗ ವಸಂತಳ ಮುಖ ಕಂಡಿತು. ಚೂರಿಯನ್ನು ಬೀಗರ ಎದೆಯ ಮೇಲೆ, ಮಗುವಿಗೆ ಔಷಧಿ ಹಚ್ಚುವ ಹಾಗೆ, ಮೆಲ್ಲಗೆ ಇಟ್ಟೆ.

ಬೀಗರು ನರಳಿದರು. ಕೈ ಎತ್ತಿದರು. ಇಳಿಸಿದರು. ನಾನು ಸಭೆಯತ್ತ ತಿರುಗಿ, ನನ್ನ ಎರಡು ಪುಟಕ್ಕೆ ಉಸಿರೆಳೆದುಕೊಂಡೆ.

"ಯಾರಲ್ಲಿ?" ಎಂದು ಹಿಂದಿನಿಂದ ದನಿ ಬಂತು.

ರಾಜ ಎದ್ದು ಕೂತಿದ್ದ. "ಯಾರೋ ನನ್ನನ್ನು ಮುಟ್ಟಿದ ಹಾಗಾಯಿತಲ್ಲ?"

ಇದು ನಾಟಕದಲ್ಲಿ ಇಲ್ಲದ ಮಾತು. ಮತ್ತೆ ಇರಿದೆ. ಬೀಗರು ಬಿದ್ದರು, ಎದೆ ನೋಡಿಕೊಂಡರು, ಮತ್ತೆ ಎದ್ದರು. "ಸೇನಾಪತಿ, ನೀನು ಬಂದ ಕೆಲಸವೇನು?" ಎಂದು ಕೇಳಿದರು. ಸಭೆಯಲ್ಲಿ ಒಬ್ಬರು ನಕ್ಕರು. ಮೂರನೇ ಸಲ ಇರಿದೆ. ಈ ಸಲ ಅವರು ಮಲಗಲೂ ಇಲ್ಲ. ಚಪ್ಪಾಳೆ ಬಿತ್ತು.

ಚಪ್ಪಾಳೆ ನನಗಲ್ಲ, ಅವರಿಗೆ. ನನ್ನ ದೃಶ್ಯವನ್ನು ಬೀಗರು ಬೇಕೆಂದೇ ನುಂಗುತ್ತಿದ್ದಾರೆ ಎಂದು ನನಗೆ ಖಚಿತವಾಯಿತು. ಎರಡು ತಿಂಗಳ ಬಚ್ಚಲುಮನೆಯ ತಪಸ್ಸು ಕಣ್ಣೆದುರೇ ಹಾಳಾಗುತ್ತಿತ್ತು. ವಸಂತ ಮರೆತುಹೋದಳು, ಮದುವೆ ಮರೆತುಹೋಯಿತು. ಎರಡೂ ಕೈಯಲ್ಲಿ ಚೂರಿ ಹಿಡಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ ನಾಲ್ಕನೇ ಏಟು ಹಾಕಿದೆ.

ಚೀಲ ಒಡೆಯಿತು. ಚೂರಿ ಮುರಿಯಿತು. ಮಂಚವೂ ಮುರಿಯಿತು. ಚೊಗರು ಕಾರಂಜಿಯಂತೆ ಚಿಮ್ಮಿ ಬೀಗರ ಕೊರಳು, ಗಲ್ಲ, ಒಂದು ಕಿವಿ, ನನ್ನ ಎರಡೂ ಕೈಗಳನ್ನು ಮೊಣಕೈವರೆಗೆ ನೆನೆಸಿತು. ಬೀಗರು ಮುರಿದ ಮಂಚದೊಳಗೆ ಮಾಯವಾದರು. ಒಳಗಿನಿಂದ, "ಅಯ್ಯೋ ಕೈ" ಎಂದು ಕೇಳಿತು. ಅದು ಅಭಿನಯವಲ್ಲ ಎಂದು ನನಗೂ ತಿಳಿಯಿತು.

"ನಮ್ಮೋರನ್ನ ಕೊಂದೇಬಿಟ್ರಲ್ಲ" ಎಂದು ಸರೋಜಮ್ಮ ಎದ್ದು ನಿಂತರು. ತೆರೆ ಬಿತ್ತು. ಉಳಿದ ಅಂಕಗಳು ಅನಿವಾರ್ಯ ಕಾರಣಗಳಿಂದ ಇರುವುದಿಲ್ಲ ಎಂದು ಮೇಷ್ಟ್ರು ಘೋಷಿಸಿದರು. ನನ್ನ ಎರಡು ಪುಟ ಹೊಟ್ಟೆಯಲ್ಲೇ ಉಳಿಯಿತು.

ಡಾಕ್ಟರು ಮೂಳೆ ಮುರಿದಿಲ್ಲ, ಉಳುಕಿದೆ ಎಂದರು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಬೀಗರು ಒಂದು ಮಾತೂ ಆಡದೆ ಭದ್ರಾವತಿಗೆ ಹೋದರು. ಸರೋಜಮ್ಮ ಹೋಗುವಾಗ ವಸಂತಳಿಗೆ ಬರ್ತೀನಿ ಎಂದೂ ಹೇಳಲಿಲ್ಲ.

ಮನೆಗೆ ಬಂದು ಸೋಪು, ಸೀಮೆಎಣ್ಣೆ, ನಿಂಬೆಹಣ್ಣು, ಪಾತ್ರೆ ತಿಕ್ಕುವ ಪುಡಿ ಎಲ್ಲ ಹಾಕಿ ಉಜ್ಜಿದೆ. ಚರ್ಮ ಹೋಯಿತೇ ಹೊರತು ಚೊಗರು ಹೋಗಲಿಲ್ಲ. ಅಶ್ವಿನಿ ಬಾಗಿಲಲ್ಲಿ ನಿಂತು, "ಅಪ್ಪಾ, ನನ್ನ ಮದುವೆ ನಡೆಯುತ್ತಾ?" ಎಂದು ಕೇಳಿದಳು. ಅವಳು ಅಳುತ್ತಿರಲಿಲ್ಲ. ಅಳುತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಎರಡು ತಿಂಗಳಿನಿಂದ ನಾನು ನಟಿಸುತ್ತಿದ್ದ ಪಾಪಭಾರ ಹೇಗಿರುತ್ತದೆ ಎಂದು ಆಗ ಮೊದಲ ಸಲ ಗೊತ್ತಾಯಿತು. ಅದಕ್ಕೆ ಎರಡು ಪುಟ ಮಾತು ಬರುವುದಿಲ್ಲ. ಏನೂ ಬರುವುದಿಲ್ಲ.

ಮಾರನೇ ಬೆಳಿಗ್ಗೆ ವಸಂತ ನನ್ನನ್ನು ಭದ್ರಾವತಿ ಬಸ್ಸಿಗೆ ಹತ್ತಿಸಿ ಪಕ್ಕದಲ್ಲಿ ಕೂತಳು. ಕಂಡಕ್ಟರ್ ಟಿಕೆಟ್ ಕೊಡುವಾಗ ನನ್ನ ಕೈ ನೋಡಿ, "ಮನೇಲಿ ಮದುವೆನಾ ಸಾರ್? ಮೆಹಂದಿ ಒಳ್ಳೆ ಬಣ್ಣ ಬಂದಿದೆ" ಎಂದ. ವಸಂತ ಕಿಟಕಿ ಕಡೆ ತಿರುಗಿದಳು.

ಬೀಗರ ಮನೆಯ ಬಾಗಿಲು ತೆರೆದ ಸರೋಜಮ್ಮ ನಮ್ಮನ್ನು ನೋಡಿ, "ಬನ್ನಿ" ಎಂದಷ್ಟೇ ಅಂದರು. ಒಳಗೆ ಕಾಲೊನಿಯ ಏಳೆಂಟು ಜನ ಗೆಳೆಯರ ನಡುವೆ, ಕೆಂಪು ಕೊರಳಿನ ಬೀಗರು ಪಟ್ಟಿ ಕಟ್ಟಿದ ಕೈ ಎತ್ತಿ ತಾವು ಸತ್ತ ಬಗೆ ವರ್ಣಿಸುತ್ತಿದ್ದರು. ಬಹಳ ಖುಷಿಯಲ್ಲಿದ್ದರು.

"ಬೀಗರೇ, ತಪ್ಪಾಯ್ತು. ಮಕ್ಕಳ ಮೇಲೆ ಕೋಪ ಬೇಡ" ಎಂದು ನಾನು ಕೈಮುಗಿದೆ.

"ಮಕ್ಕಳಿಗೂ ಇದಕ್ಕೂ ಏನ್ರೀ? ಕೂತ್ಕೊಳ್ಳಿ, ಕಾಫಿ ಕುಡೀರಿ" ಎಂದರು.

ಸರೋಜಮ್ಮ ಕಾಫಿ ತಂದರು. "ಮದುವೆ ನಡೆಯುತ್ತೆ ವಸಂತಮ್ಮ. ಆದ್ರೆ ಮಂಟಪದಲ್ಲಿ ಇವರಿಬ್ರನ್ನ ಅಕ್ಕಪಕ್ಕ ನಿಲ್ಲಿಸಬೇಡಿ" ಎಂದರು.

ಮದುವೆ ಚೆನ್ನಾಗಿಯೇ ನಡೆಯಿತು. ಅದಾದ ಮೇಲೆ ಭದ್ರಾವತಿಯವರು ನಾಟಕವನ್ನು ತಮ್ಮಲ್ಲಿ ಪೂರ್ತಿ ಆಡಬೇಕೆಂದು ಮೇಷ್ಟ್ರನ್ನು ಕೇಳಿದರು. ಸೇನಾಪತಿಯಾಗಿ ಅಲ್ಲಿನ ವ್ಯಾಯಾಮ ಶಿಕ್ಷಕರೊಬ್ಬರು ಬಂದರು. ನನಗೆ ತೆರೆ ಎಳೆಯುವ ಕೆಲಸ ಸಿಕ್ಕಿತು. ಆ ಶಿಕ್ಷಕರು ಬಂದವರೇ ಒಂದೇ ಏಟು ಹಾಕಿದರು. ಬೀಗರು ತಕ್ಷಣ ಸತ್ತರು, ಒಂದು ಮಾತೂ ಆಡಲಿಲ್ಲ.

ನಾಟಕ ಮುಗಿದ ಮೇಲೆ ನಾನು ತಡೆಯಲಾರದೆ ಕೇಳಿದೆ. "ಬೀಗರೇ, ನಾನು ಮೂರು ಸಲ ಇರಿದ್ರೂ ಸಾಯ್ಲಿಲ್ಲ. ಇವರ ಒಂದೇ ಏಟಿಗೆ ಸತ್ರಲ್ಲ?"

ಅವರು ಕನ್ನಡಿ ನೋಡುತ್ತ ಬಣ್ಣ ಒರೆಸಿಕೊಳ್ಳುತ್ತಿದ್ದರು. "ನಾನು ರಕ್ತಕ್ಕೆ ಕಾಯ್ತಿದ್ದೆ ಮಾರಾಯ್ರೆ. ಚೀಲ ಒಡೀದೆ ಹೇಗೆ ಸಾಯ್ಲಿ? ನಿಮಗೆ ಹೇಳೋಣ ಅಂತ ಎದ್ದೆದ್ದು ಕೂತೆ. ಇವರು ಕೊಲ್ಲೋಕೆ ಬಂದ್ರು, ಸತ್ತೆ. ನೀವು ಕ್ಷೇಮ ವಿಚಾರಿಸೋಕೆ ಬಂದೋರ ಹಾಗೆ ಬಂದ್ರಿ."

ನಾನು ಅವರ ಕಿರೀಟವನ್ನು ಎತ್ತಿ ಪೆಟ್ಟಿಗೆಗೆ ಹಾಕಿದೆ.

"ಸ್ವಲ್ಪ ಈ ಮೀಸೆ ಕಿತ್ತುಕೊಡಿ. ಮೆಲ್ಲಗೆ" ಎಂದು ಬೀಗರು ಮುಖ ಮುಂದೆ ಮಾಡಿದರು.

ನಾನು ಬಹಳ ಜಾಗರೂಕತೆಯಿಂದ ಎಳೆದೆ. ಅರ್ಧ ಮೀಸೆ ನನ್ನ ಕೈಗೆ ಬಂತು, ಇನ್ನರ್ಧ ಅಲ್ಲೇ ಉಳಿಯಿತು. ಬೀಗರು ಕಣ್ಣುಮುಚ್ಚಿ ನೋವು ನುಂಗಿ, "ಬಿಡಿ ಬೀಗರೇ, ಆ ವ್ಯಾಯಾಮ ಮೇಷ್ಟ್ರನ್ನ ಕರೀರಿ" ಎಂದರು.